ನಾಯಿಕೊಡೆಗೂ ಹೆಸರುಂಟು

ಮುಂಗಾರು ಹಿಡಿಯುವ ಮುನ್ನ ನಾಲ್ಕು ಗುಡುಗಿನ ಮಳೆ ಬಿದ್ದರೆ ಸಾಕು, ಕಾರ್ಕಳ, ಮೂಡುಬಿದಿರೆ ಕಡೆಯ ಪೇಟೆಗಳಲ್ಲಿ ರಸ್ತೆಬದಿಯ ಗೋಣಿಚೀಲದ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಉಂಡೆಗಳ ರಾಶಿ ಬೀಳುತ್ತದೆ. ಮೈಗೆಲ್ಲ ಕೆಮ್ಮಣ್ಣು ಮೆತ್ತಿರುತ್ತದೆ. ಕೊಡೆಯಿಲ್ಲ, ಕಾಲಿಲ್ಲ; ಗೊತ್ತಿಲ್ಲದವರಿಗೆ ತೋರಿಸಿ ಅಣಬೆ ಎಂದರೆ ಸುಲಭಕ್ಕೆ ನಂಬುವುದಿಲ್ಲ. ತುಳುವರಿಗೆ ಇದು ಕಲ್ಲಲಾಂಬು, ಕನ್ನಡದಲ್ಲಿ ಕಲ್ಲಣಬೆ. ಕೋಳಿ ಮಾಂಸಕ್ಕಿಂತ ಹೆಚ್ಚಿನ ಬೆಲೆ ಹೇಳಿದರೂ ಮಧ್ಯಾಹ್ನದೊಳಗೆ ಗೋಣಿಚೀಲ ಖಾಲಿಯಾಗಿರುತ್ತದೆ.

ಇದನ್ನು ಆರಿಸಿ ತರುವ ಹೆಂಗಸರ ಹಿಂದೆ ಹಾಡಿಯೊಳಗೆ ಹೋದರೆ ಅವರ ಕಣ್ಣು ಮಾಡುವ ಕೆಲಸ ಎಂಥದ್ದೆಂದು ತಿಳಿಯುತ್ತದೆ. ಅವರು ಕಂಡಕಂಡಲ್ಲಿ ಕೆದಕುವುದಿಲ್ಲ. ಬೋಗಿಯಂಥ ಕೆಲವೇ ಜಾತಿಯ ಮರಗಳ ಆಸುಪಾಸಿಗೆ ಹೋಗುತ್ತಾರೆ. ತರಗೆಲೆ ಸರಿಸಿ, ಮಣ್ಣು ಎಲ್ಲಿ ಸಣ್ಣಗೆ ಉಬ್ಬಿ ಬಿರಿದಿದೆ ಎಂದು ನೋಡಿ, ಕೋಲಿನ ತುದಿಯಿಂದ ಮೆಲ್ಲಗೆ ಎಬ್ಬಿಸುತ್ತಾರೆ. ಅನುಮಾನ ಬಂದರೆ ಒಂದನ್ನು ಉಗುರಿನಿಂದ ಸೀಳುತ್ತಾರೆ. ಒಳಗೆ ಹಾಲುಬಿಳುಪಿದ್ದರೆ ಬುಟ್ಟಿಗೆ. ಕಪ್ಪಾಗಿ ಪುಡಿಯಾಗತೊಡಗಿದ್ದರೆ ಬಲಿತಿದೆ ಎಂದು ಅಲ್ಲೇ ಬಿಟ್ಟುಬಿಡುತ್ತಾರೆ. ಆ ಮರಗಳ ಬುಡವನ್ನೇ ಹುಡುಕುವುದಕ್ಕೆ ಕಾರಣವೂ ಇದೆ. ಈ ಅಣಬೆಯ ಎಳೆಗಳು ಆ ಮರಗಳ ಬೇರಿಗೆ ಸುತ್ತಿಕೊಂಡೇ ಬದುಕುತ್ತವೆ, ಮಣ್ಣಿನ ನೀರು, ಲವಣಗಳನ್ನು ಮರಕ್ಕೆ ಕೊಟ್ಟು ಅದರಿಂದ ಸಕ್ಕರೆ ಪಡೆಯುತ್ತವೆ. ಮರ ಹೋದರೆ ಅಣಬೆಯೂ ಹೋಯಿತು. ವಿಜ್ಞಾನಿಗಳು ಇದನ್ನು ಅಸ್ಟ್ರೇಯಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಅವರ ಸಹ ಸಂಶೋಧಕರು ಕರಾವಳಿಯ ಈ ಅಣಬೆಗಳ ಬಗ್ಗೆ ಅಧ್ಯಯನ ಪ್ರಕಟಿಸಿದ್ದಾರೆ. ಯಾವ ಮರ, ಯಾವ ಮಣ್ಣು, ಯಾವ ತಿಂಗಳು, ಸೀಳಿದರೆ ಒಳಗೆ ಯಾವ ಬಣ್ಣ ಎಂದು ಹಾಡಿಯ ಹೆಂಗಸರು ನೋಡುವುದನ್ನೇ ಸಂಶೋಧಕರೂ ನೋಡುತ್ತಾರೆ.

ಅಣಬೆ ಗುರುತಿಸುವ ಹವ್ಯಾಸ ಕೂಡ ಇದೇ ನೋಟದಿಂದ ಶುರುವಾಗುತ್ತದೆ. ವ್ಯತ್ಯಾಸ ಒಂದೇ, ಹವ್ಯಾಸಿ ಅಡುಗೆಮನೆಗೆ ಹೋಗುವುದಿಲ್ಲ. ಹಕ್ಕಿ ನೋಡುವವರು ಹಕ್ಕಿಯನ್ನು ತಿನ್ನುವುದಕ್ಕೆ ನೋಡುವುದಿಲ್ಲವಲ್ಲ. ಅಣಬೆಯ ಮಾತು ಬಂದ ಕೂಡಲೇ ಮಾತ್ರ ನಮ್ಮ ಮೊದಲ ಪ್ರಶ್ನೆ ‘ಇದು ತಿನ್ನೋದಾ?’ ಎಂದಿರುತ್ತದೆ. ತಿನ್ನುವುದಲ್ಲ ಎಂದು ತಿಳಿದರೆ ಕಾಲಿನಿಂದ ಒದ್ದು ಮುಂದೆ ಹೋಗುತ್ತೇವೆ. ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ‘ಇದು ಯಾವುದು?’ ಎಂದು ಕೇಳಿದರೆ ಮಳೆಗಾಲದ ನಾಲ್ಕು ತಿಂಗಳು ಕಣ್ಣಿಗೆ ಬಿಡುವೇ ಇರುವುದಿಲ್ಲ.

ಈ ಹವ್ಯಾಸಕ್ಕೆ ದುಬಾರಿ ದುರ್ಬೀನು ಬೇಡ, ಬೆಳಗಿನ ಐದಕ್ಕೆ ಏಳಬೇಕಿಲ್ಲ. ಅಣಬೆ ಹಾರಿಹೋಗುವುದಿಲ್ಲ. ಆದರೆ ಹೆಚ್ಚಿನವು ಬಾಳುವುದು ಒಂದೆರಡು ದಿನ. ಇಂದು ಗುಂಡಗೆ ಮೊಗ್ಗಾಗಿದ್ದದ್ದು ನಾಳೆ ಅಗಲ ಕೊಡೆ, ನಾಡಿದ್ದು ಕರಗಿದ ಮುದ್ದೆ. ಒಂದೇ ಜಾತಿಯ ಮೂರು ವಯಸ್ಸನ್ನು ಮೂರು ಜಾತಿಗಳೆಂದು ತಿಳಿಯುವುದು ಹೊಸಬರಲ್ಲಿ ಮಾಮೂಲು. ಅದಕ್ಕೇ ಒಂದು ಜಾಗ ಆರಿಸಿಕೊಂಡು ದಿನವೂ ಅದನ್ನೇ ನೋಡುವುದು ಊರೆಲ್ಲ ಸುತ್ತುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ನಾವು ಅಣಬೆ ಎಂದು ಕರೆಯುವುದು ಆ ಜೀವಿಯ ಹಣ್ಣು ಮಾತ್ರ. ದೇಹವಿರುವುದು ಮಣ್ಣಿನಲ್ಲಿ, ಕೊಳೆತ ಮರದೊಳಗೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಜಾಲವಾಗಿ. ಮಳೆಗೆ ಮೊದಲೇ ಆ ಜಾಲ ಪುಟ್ಟ ಮೊಗ್ಗುಗಳನ್ನು ಕಟ್ಟಿಟ್ಟಿರುತ್ತದೆ. ನೀರು ಸಿಕ್ಕೊಡನೆ ಜೀವಕೋಶಗಳು ಉಬ್ಬಿ ಮೊಗ್ಗು ಮೇಲೇಳುತ್ತದೆ. ಬೆಳಗಾಗುವಷ್ಟರಲ್ಲಿ ಕೊಡೆ ನಿಂತಿರುವುದರ ಗುಟ್ಟು ಇದು. 1969ರಲ್ಲಿ ವಿಜ್ಞಾನಿ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಅಣಬೆಗಳೂ ಸೇರಿದ ಶಿಲೀಂಧ್ರಗಳಿಗೆ ಸಸ್ಯಗಳಿಂದ ಬೇರೆಯಾದ ಸ್ಥಾನ ಸಿಕ್ಕಿತು. ವಂಶಾವಳಿ ನೋಡಿದರೆ ಅವು ಗಿಡಮರಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಈವರೆಗೆ ಹೆಸರಿಟ್ಟಿರುವುದು ಸುಮಾರು 1.5 ಲಕ್ಷ ಪ್ರಭೇದಗಳಿಗೆ. ಇರುವುದು 22ರಿಂದ 38 ಲಕ್ಷ ಎಂದು 2017ರ ಒಂದು ಅಂದಾಜು ಹೇಳುತ್ತದೆ. ನಿಮ್ಮ ಹಿತ್ತಲಿನಲ್ಲಿ ಎದ್ದಿರುವ ಅಣಬೆಗೆ ಜಗತ್ತಿನಲ್ಲಿ ಯಾರೂ ಇನ್ನೂ ಹೆಸರಿಟ್ಟಿಲ್ಲದಿರುವ ಸಾಧ್ಯತೆ ನಿಜಕ್ಕೂ ಇದೆ.

ಕಾಗದದ ಮೇಲೆ ಒಂದು ರಾತ್ರಿ

ಗುರುತಿಸುವ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬೀಜಾಣು ಮುದ್ರೆ. ಸ್ಪೋರ್ ಪ್ರಿಂಟ್ ಎಂದೇ ಹೆಚ್ಚಿನವರು ಕರೆಯುತ್ತಾರೆ. ಮಳೆ ಬಿಟ್ಟ ಮಾರನೆಯ ದಿನ ನಗರದ ಉದ್ಯಾನಗಳ ಹುಲ್ಲುಹಾಸಿನಲ್ಲಿ, ಆಟದ ಮೈದಾನದ ಅಂಚಿನಲ್ಲಿ ದೊಡ್ಡ ಬಿಳಿ ಕೊಡೆಗಳು ಸಾಲಾಗಿ, ಕೆಲವೊಮ್ಮೆ ವೃತ್ತಾಕಾರವಾಗಿ ಎದ್ದಿರುತ್ತವೆ. ಅಂಗೈ ಅಗಲಕ್ಕಿಂತ ದೊಡ್ಡವು. ಮೇಲೆ ನಡುಮಧ್ಯೆ ಕಂದು ತೇಪೆ, ಸುತ್ತ ಅದೇ ಬಣ್ಣದ ಹುರುಪೆಗಳು. ಕಾಲಿನ ಮೇಲೊಂದು ಉಂಗುರ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಅದು ಮೇಲೆ ಕೆಳಗೆ ಜಾರುತ್ತದೆ. ಕೊಡೆಯ ಅಡಿಯ ಮಡಿಕೆಗಳು ಎಳೆಯದರಲ್ಲಿ ಅಚ್ಚ ಬಿಳಿ.

ಬಲಿತ ಒಂದನ್ನು ಮನೆಗೆ ತಂದು, ಕಾಲನ್ನು ಕೊಡೆಯ ಬುಡಕ್ಕೆ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಮಡಿಕೆಗಳು ಕೆಳಗಾಗುವಂತೆ ಇಡಬೇಕು. ಕೊಡೆಯ ಮೇಲೆ ಒಂದು ಹನಿ ನೀರು. ಗಾಳಿಯಾಡದಂತೆ ಮೇಲೊಂದು ಬೋಗುಣಿ ಮುಚ್ಚಿ ಬೆಳಗಿನವರೆಗೆ ಮುಟ್ಟಬಾರದು. ಬೆಳಿಗ್ಗೆ ಬೋಗುಣಿ ತೆಗೆದು ಕೊಡೆಯನ್ನು ನೇರಕ್ಕೆ ಮೇಲೆತ್ತಿದರೆ ಕಾಗದದ ಮೇಲೆ ನಡುವಿನಿಂದ ಅಂಚಿಗೆ ಹರಡಿದ ನೂರಾರು ಸಣ್ಣ ಗೆರೆಗಳು ಮೂಡಿರುತ್ತವೆ. ಬೆರಳು ಸೋಕಿದರೆ ಅಳಿಸಿಹೋಗುವಷ್ಟು ನಯವಾದ ಪುಡಿ. ಬಣ್ಣ ಮಾಸಲು ಹಸಿರು. ಎಳೆಯದಾಗಿದ್ದಾಗ ಮಡಿಕೆಗಳು ಬೆಳ್ಳಗಿದ್ದ ಅಣಬೆ ರಾತ್ರಿಯೆಲ್ಲ ಉದುರಿಸಿರುವುದು ಹಸಿರು ಪುಡಿ! ಅಷ್ಟು ಸಾಕು. ಇಂಥ ಹಸಿರು ಮುದ್ರೆ ಬಿಡುವ ಅಣಬೆಗಳು ಬೆರಳೆಣಿಕೆಯಷ್ಟು. ಹುಲ್ಲುಹಾಸಿನ ಈ ದೈತ್ಯ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ನೋಡಲು ರುಚಿಕರವಾಗಿ ಕಾಣುತ್ತದೆ. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಹಿಡಿಸುತ್ತದೆ. ಮೊಗ್ಗಿನಲ್ಲಿದ್ದಾಗ ಕಣ್ಣು ಹೇಳಲಾರದ್ದನ್ನು ಬಲಿತ ಮೇಲೆ ಒಂದು ಹಾಳೆ ಕಾಗದ ಹೇಳುತ್ತದೆ.

ಇದು ಹೊಸ ಉಪಾಯವೇನಲ್ಲ. ಸ್ವೀಡನ್ನಿನ ಎಲಿಯಾಸ್ ಫ್ರೈಸ್ 1821ರಲ್ಲಿ ತಮ್ಮ ಶಿಲೀಂಧ್ರ ವರ್ಗೀಕರಣದ ಗ್ರಂಥ ಹೊರತರಲು ಶುರು ಮಾಡಿದಾಗ ಮಡಿಕೆಯುಳ್ಳ ಅಣಬೆಗಳನ್ನು ಬೇರ್ಪಡಿಸಲು ಆಧಾರ ಮಾಡಿಕೊಂಡದ್ದು ಬೀಜಾಣುವಿನ ಬಣ್ಣವನ್ನೇ. ಬಿಳಿ, ನಸುಗೆಂಪು, ತುಕ್ಕಿನ ಬಣ್ಣ, ನೇರಳೆಗಂದು, ಕಪ್ಪು. ಇಂದು ಡಿಎನ್‌ಎ ಆ ವಂಶವೃಕ್ಷವನ್ನು ತಿದ್ದಿ ಬರೆದಿದ್ದರೂ ಹೊಲ, ಕಾಡಿನಲ್ಲಿ ಗುರುತಿಸುವವರ ಮೊದಲ ಮೆಟ್ಟಿಲು ಈಗಲೂ ಇದೇ.

ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಅವರದ್ದು ಈ ಹವ್ಯಾಸದ ಚರಿತ್ರೆಯಲ್ಲಿ ದೊಡ್ಡ ಹೆಸರು. ಅವರು 1959ರಲ್ಲಿ ಇಟಲಿಯ ಟಿ.ವಿ. ರಸಪ್ರಶ್ನೆ ಕಾರ್ಯಕ್ರಮದಲ್ಲಿ ಅಣಬೆಯನ್ನೇ ವಿಷಯವಾಗಿ ಆರಿಸಿಕೊಂಡು ಕೂತರು. ಕೊನೆಯ ಸುತ್ತಿನಲ್ಲಿ ಕೇಳಿದ್ದು ಬಿಳಿ ಬೀಜಾಣುವಿನ ಅಣಬೆಗಳ ಹೆಸರು. ಅವರು ಅಕಾರಾದಿಯಾಗಿ ಹೇಳುತ್ತ ಹೋಗಿ 50 ಲಕ್ಷ ಲೀರಾ ಗೆದ್ದರು. 1962ರಲ್ಲಿ ಸ್ನೇಹಿತರೊಂದಿಗೆ ಸೇರಿ ನ್ಯೂಯಾರ್ಕಿನ ಅಣಬೆ ಆಸಕ್ತರ ಸಂಘಕ್ಕೆ ಮತ್ತೆ ಜೀವ ಕೊಟ್ಟರು. ಅವರು ಸಸ್ಯಶಾಸ್ತ್ರದ ಪದವೀಧರರಲ್ಲ, ಪ್ರಯೋಗಾಲಯದವರೂ ಅಲ್ಲ. ನೋಡುವ ಛಲ ಇದ್ದವರು ಅಷ್ಟೇ.

ಕಾಡಿಗೆ ಹೋಗಬೇಕೆಂದಿಲ್ಲ

ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿರುವ ಹೂಕುಂಡವೂ ಸಾಕು. ಕೊಕೊಪೀಟ್ ಹಾಕಿದ ಕುಂಡದಲ್ಲಿ ಒಂದು ಬೆಳಿಗ್ಗೆ ನಿಂಬೆಹಳದಿ ಬಣ್ಣದ ಪುಟ್ಟ ಕೊಡೆಗಳು ಎದ್ದಿದ್ದರೆ ಅದು ಲ್ಯೂಕೋಕಾಪ್ರಿನಸ್ ಬಿರ್ನ್‌ಬಾಮಿ. ಗಿಡಕ್ಕೆ ಅದರಿಂದ ತೊಂದರೆಯಿಲ್ಲ, ಮಣ್ಣಿನ ಕೊಳೆತ ಅಂಶವನ್ನು ತಿಂದು ಬದುಕುತ್ತದೆ. ಮಗು ಮುಟ್ಟಿತು ಎಂದು ಗಾಬರಿಯಾಗಬೇಕಿಲ್ಲ. ಅಣಬೆ ಮುಟ್ಟಿದರೆ ವಿಷವೇರುವುದಿಲ್ಲ, ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಂಡರಾಯಿತು. ಅದೇ ಕುಂಡದಲ್ಲಿ ಬೆರಳುಗುರಿಗಿಂತ ಸಣ್ಣ ಬಟ್ಟಲುಗಳು ಕಂಡರೆ ಮೊಣಕಾಲೂರಿ ನೋಡಿ. ಒಳಗೆ ಚಪ್ಪಟೆಯಾದ ಬೂದು ಕಾಳುಗಳಿರುತ್ತವೆ, ಹಕ್ಕಿಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ. ಸಯಾಥಸ್ ಎಂಬ ಈ ಶಿಲೀಂಧ್ರ ಮಳೆಹನಿಯನ್ನೇ ನಂಬಿಕೊಂಡಿದೆ. ಹನಿ ಬಟ್ಟಲಿನೊಳಗೆ ಬಿದ್ದ ರಭಸಕ್ಕೆ ಕಾಳು ಹೊರಗೆ ಚಿಮ್ಮಿ ಒಂದು ಮೀಟರಿನಷ್ಟು ದೂರಕ್ಕೂ ಹೋಗಿ ಅಂಟಿಕೊಳ್ಳುತ್ತದೆ.

ಒಣಗಿದ ಮಾವಿನ ಕೊಂಬೆಯ ಮೇಲೆ ಬೂದುಬಿಳಿ ಬಣ್ಣದ, ಉಣ್ಣೆಯಂತೆ ನವಿರುಗೂದಲಿನ ಬೀಸಣಿಗೆಗಳು ಕಾಣದ ಊರೇ ಇಲ್ಲ. ಅದು ಸ್ಕಿಜೋಫಿಲ್ಲಮ್ ಕಮ್ಯೂನ್. ಹಿಡಿ ಮಸೂರದಲ್ಲಿ ಅಡಿಭಾಗ ನೋಡಿದರೆ ಪ್ರತಿ ಮಡಿಕೆಯೂ ಉದ್ದಕ್ಕೆ ಎರಡಾಗಿ ಸೀಳಿರುತ್ತದೆ. ಬಿಸಿಲಿಗೆ ಆ ಸೀಳುಗಳು ಹೊರಕ್ಕೆ ಸುರುಳಿಯಾಗಿ ಬೀಜಾಣುಗಳನ್ನು ಮುಚ್ಚಿಕೊಳ್ಳುತ್ತವೆ, ನೀರು ಬಿದ್ದರೆ ಮತ್ತೆ ತೆರೆದುಕೊಳ್ಳುತ್ತವೆ. ಒಣಗಿದ ತುಂಡೊಂದನ್ನು ತಂದು ನೀರಿನಲ್ಲಿ ನೆನೆಸಿ ಮಕ್ಕಳಿಗೆ ತೋರಿಸಬಹುದು. ಈ ಒಂದೇ ಪ್ರಭೇದದಲ್ಲಿ ಗಂಡು ಹೆಣ್ಣು ಎಂಬ ಎರಡು ಬಗೆಯಲ್ಲ, 20 ಸಾವಿರಕ್ಕೂ ಹೆಚ್ಚು ಕೂಡುವಿಕೆಯ ಬಗೆಗಳಿವೆ. ಮಣಿಪುರದ ಸಂತೆಗಳಲ್ಲಿ ಇದನ್ನು ಕಾಂಗ್‌ಲಾಯೆನ್ ಎಂದು ಮಾರುತ್ತಾರೆ. ನಮ್ಮಲ್ಲಿ ಇದರ ಕಡೆ ತಿರುಗಿ ನೋಡುವವರು ಕಡಿಮೆ.

ಅಡಿಕೆ, ತೆಂಗಿನ ಬೆಳೆಗಾರರಿಗೆ ಮಾತ್ರ ಒಂದು ಅಣಬೆಯ ಗುರುತು ಚೆನ್ನಾಗಿದೆ. ಗರಿಗಳು ಬಾಡಿ, ಬುಡದಲ್ಲಿ ಕಂದು ರಸ ಸೋರಿ, ಕೊನೆಗೆ ಕಾಂಡದ ಬುಡಕ್ಕೆ ಗಟ್ಟಿಯಾದ, ಅರಗು ಬಳಿದಂತೆ ಹೊಳೆಯುವ ಕೆಂಗಂದು ಅಣಬೆ ಮೂಡಿದರೆ ಆ ಮರದ ಆಸೆ ಬಿಟ್ಟ ಹಾಗೆ. ಗ್ಯಾನೊಡರ್ಮಾ ಎಂಬ ಕುಲದ ಈ ಹಾವಳಿಗೆ ನಮ್ಮ ತೋಟಗಳಲ್ಲಿ ಅಣಬೆ ರೋಗ ಎಂದೇ ಹೆಸರು. ಹೊರಗೆ ಅಣಬೆ ಕಾಣುವ ಹೊತ್ತಿಗೆ ಒಳಗೆ ಬೇರು, ಬುಡ ಕೊಳೆತು ಬಹಳ ಕಾಲವಾಗಿರುತ್ತದೆ. ನಗರದ ಸಾಲುಮರಗಳಿಗೂ ಇದೇ ಮಾತು. ಗುಲ್‌ಮೊಹರ್ ಬುಡದಲ್ಲಿ ಇಂಥ ಗಟ್ಟಿ ಅಣಬೆ ಕಂಡರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸುವುದು ಒಳ್ಳೆಯದು. ಗಾಳಿಮಳೆಗೆ ಬೀಳುವ ಮರಗಳಲ್ಲಿ ಹೀಗೆ ಒಳಗಿನಿಂದ ಟೊಳ್ಳಾದವು ಸಾಕಷ್ಟಿರುತ್ತವೆ.

ಘಟ್ಟದ ಕಾಡಿಗೆ ಹೋಗುವವರಿಗೆ ಸಿಗುವ ಬೆರಗೇ ಬೇರೆ. ಒದ್ದೆ ದಿಮ್ಮಿಯ ಮೇಲೆ ಗುಲಾಬಿ ಬಟ್ಟಲುಗಳು, ಬಿಳಿ ಜಾಲರಿ ಉಟ್ಟು ನಿಂತು ದುರ್ವಾಸನೆಯಿಂದ ನೊಣಗಳನ್ನು ಕರೆಯುವ ಫ್ಯಾಲಸ್, ಕತ್ತಲಲ್ಲಿ ತಣ್ಣಗೆ ಹಸಿರು ಬೆಳಕು ಬೀರುವ ಮೈಸೀನಾ ಬಳಗದವು. ಮೇಘಾಲಯದ ಬಿದಿರಿನ ಮೇಲೆ ಬೆಳೆಯುವ, ಕಾಲು ಮಾತ್ರ ಬೆಳಗುವ ಹೊಸ ಪ್ರಭೇದವೊಂದಕ್ಕೆ ಹೆಸರಿಟ್ಟದ್ದು 2020ರಲ್ಲಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ. ಅಲ್ಲಿ ಕ್ಯಾಮೆರಾ ಮಾತ್ರ. ಅಂಥ ಕಡೆ ಜೇಬಿನಲ್ಲೊಂದು ಪುಟ್ಟ ಕನ್ನಡಿ ಇಟ್ಟುಕೊಂಡರೆ ಅಣಬೆಯನ್ನು ಕೀಳದೆಯೇ ಅದರ ಅಡಿಭಾಗ ನೋಡಬಹುದು.

ಹುತ್ತದ ಬುಡದಿಂದ

ಮಲೆನಾಡಿನಲ್ಲಿ ಅಣಬೆ ಎಂದರೆ ಹುತ್ತದ ಅಣಬೆಯೇ. ಕೊಡಗಿನಲ್ಲಿ ಅಣಬೆ ಕುಮ್ಮು ಆಗುತ್ತದೆ, ಅಲ್ಲಿಯೂ ಮಳೆಗಾಲದ ಅಡುಗೆಯಲ್ಲಿ ಇದಕ್ಕೆ ಮಾನ ದೊಡ್ಡದು. ಪ್ರತಿ ವರ್ಷ ಅದೇ ವಾರ, ಅದೇ ದರೆಯ ಮೇಲೆ ಏಳುತ್ತದೆ ಎಂದು ಕಾದು ಕೂರುವ ಮನೆಗಳಿವೆ, ಜಾಗದ ಗುಟ್ಟನ್ನು ಅಕ್ಕಪಕ್ಕದವರಿಗೂ ಬಿಟ್ಟುಕೊಡುವುದಿಲ್ಲ. ಕೊಡೆಯ ನೆತ್ತಿಯಲ್ಲಿ ಚೂಪಾದ ಮೊನೆ ಇರುತ್ತದೆ. ಗಟ್ಟಿ ನೆಲವನ್ನು ಸೀಳಿಕೊಂಡು ಮೇಲೆ ಬರಲು ಆ ಮೊನೆಯೇ ಸಾಧನ. ಕಾಲನ್ನು ಹಿಡಿದು ಎಳೆದರೆ ಮುರಿಯುತ್ತದೆ. ಸುತ್ತ ಮಣ್ಣು ಬಿಡಿಸುತ್ತ ಹೋದರೆ ಕಾಲು ಬೇರಿನಂತೆ ಸಪೂರವಾಗುತ್ತ, ಕೆಲವೊಮ್ಮೆ ಮೊಳಕ್ಕೂ ಮೀರಿ, ಆಳಕ್ಕೆ ಇಳಿಯುತ್ತದೆ. ಆ ತುದಿಯಲ್ಲಿರುವುದು ಗೆದ್ದಲಿನ ತೋಟ.

ಗೆದ್ದಲು ತಾನು ತಂದ ಎಲೆ, ಕಟ್ಟಿಗೆಯನ್ನು ಅಗಿದು, ಅರೆಜೀರ್ಣವಾದ ಆ ಸರಕಿನಿಂದ ಸ್ಪಂಜಿನಂಥ ಹಲ್ಲೆಗಳನ್ನು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತದೆ. ಕಟ್ಟಿಗೆಯ ಗಡಸು ಅಂಶವನ್ನು ಒಡೆಯುವುದು ಶಿಲೀಂಧ್ರದ ಕೆಲಸ. ಅದು ಬಿಡುವ ಬಿಳಿ ಗಂಟುಗಳೂ ಹದವಾದ ಹಲ್ಲೆಯೂ ಗೆದ್ದಲಿಗೆ ಆಹಾರ. ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾದ ಬೇಸಾಯ ಇದು. ಮನುಷ್ಯನ ಬೇಸಾಯಕ್ಕೆ ಹತ್ತು ಹನ್ನೆರಡು ಸಾವಿರ ವರ್ಷ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ಭಾರತದ ಒಂದು ಪ್ರಭೇದಕ್ಕೆ 1979ರಲ್ಲಿ ನಟರಾಜನ್ ಅವರು ಹೈಮ್ ಹೆಸರನ್ನೇ ಇಟ್ಟು ಟರ್ಮಿಟೋಮೈಸಿಸ್ ಹೈಮಿ ಎಂದು ಕರೆದರು. ಇದೇ ಕುಲದ ಜಾಂಬಿಯಾದ ಅಣಬೆಯ ಕೊಡೆ ಒಂದು ಮೀಟರ್ ಅಗಲಕ್ಕೆ ಬೆಳೆಯುತ್ತದೆ. ಇದರ ಬೇಸಾಯ ಗೆದ್ದಲಿಗೆ ಒಲಿದಷ್ಟು ಸುಲಭವಾಗಿ ನಮಗೆ ಒಲಿದಿಲ್ಲ.

ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿದೆ, ಜಪಾನಿನಲ್ಲೂ ಇದೆ. ಅಲ್ಲಿನ ಇವಾಟೆ ವಿಶ್ವವಿದ್ಯಾಲಯದವರು ಆ ಮಾತಿನ ಬೆನ್ನು ಹತ್ತಿ, ಶಿಟಾಕೆ ಅಣಬೆ ಬೆಳೆಸುವ ದಿಮ್ಮಿಗಳಿಗೆ ಕ್ಷಣಾರ್ಧದ ಹೆಚ್ಚು ವೋಲ್ಟೇಜಿನ ವಿದ್ಯುತ್ ಹಾಯಿಸಿ ನೋಡಿದರು. ಇಳುವರಿ ಸುಮಾರು ಎರಡು ಪಟ್ಟಾಯಿತು. ಅಜ್ಜಿಯರ ಮಾತನ್ನು ತಳ್ಳಿಹಾಕುವ ಮೊದಲು ಪರೀಕ್ಷಿಸಿ ನೋಡಿದ ಆ ಮನೋಧರ್ಮ ನನಗೆ ತುಂಬ ಇಷ್ಟ.

ಆದರೆ ಎಲ್ಲ ನಂಬಿಕೆಗೂ ಆ ಗೌರವ ಸಲ್ಲದು. ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಲ್ಲ, ಹುಳ ತಿಂದಿದ್ದರೆ ವಿಷವಲ್ಲ, ಬಿಳಿಯದು ವಿಷವಲ್ಲ, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ. ಇವು ನಾಲ್ಕೂ ಸುಳ್ಳು, ಇವನ್ನು ನಂಬಿದವರು ಸತ್ತಿದ್ದಾರೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲಣ ಜಿಲ್ಲೆಗಳಲ್ಲಿ ಕಾಡಿನ ಅಣಬೆ ತಿಂದು 13 ಜನ ತೀರಿಕೊಂಡರು. ಸತ್ತವರಲ್ಲಿ ಮಗುವೂ ಇತ್ತು, ಹೆಚ್ಚಿನವರು ಚಹಾ ತೋಟದ ಬಡ ಕುಟುಂಬಗಳವರು. ಅಣಬೆಯಿಂದಾಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಅಮಾನಿಟಾ ಕುಲದ ಕೆಲವು ಜಾತಿಗಳಲ್ಲಿರುವ ಅಮಾಟಾಕ್ಸಿನ್. ಅಮಾನಿಟಾದ ಹಲವು ಪ್ರಭೇದಗಳು ಪಶ್ಚಿಮ ಘಟ್ಟದಲ್ಲಿಯೂ ಇವೆ. ಈ ವಿಷ ಕುದಿಸಿದರೂ, ಒಣಗಿಸಿದರೂ ಹೋಗುವುದಿಲ್ಲ. ತಿಂದ ಆರರಿಂದ ಹನ್ನೆರಡು ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಎರಡನೆಯ ದಿನ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾರೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಅನುಮಾನ ಬಂದ ಕೂಡಲೇ, ಲಕ್ಷಣಕ್ಕೆ ಕಾಯದೆ, ಉಳಿದ ಅಣಬೆಯ ಚೂರನ್ನೂ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಓಡಬೇಕು.

ಅಮಾನಿಟಾವನ್ನು ಗುರುತಿಸಲು ನೆಲದೊಳಗಿನ ಬುಡ ನೋಡಲೇಬೇಕು. ಮೊಗ್ಗನ್ನು ಮುಚ್ಚಿದ್ದ ಪೊರೆ ಹರಿದು ಕಾಲಿನ ಬುಡದಲ್ಲಿ ಚೀಲವಾಗಿ ಉಳಿದಿರುತ್ತದೆ. ಮೇಲಿನಿಂದ ಚಾಕುವಿನಲ್ಲಿ ಕೊಯ್ದುಕೊಂಡು ಬಂದವರ ಕೈಯಲ್ಲಿ ಆ ಸಾಕ್ಷಿಯೇ ಇರುವುದಿಲ್ಲ. ಬಿಳಿ ಮಡಿಕೆ, ಕಾಲಿಗೆ ಉಂಗುರ, ಬುಡಕ್ಕೆ ಚೀಲ, ಬಿಳಿ ಬೀಜಾಣು ಮುದ್ರೆ, ಇಷ್ಟೂ ಒಟ್ಟಿಗೆ ಕಂಡರೆ ಎದುರಿಗಿರುವುದು ಅಮಾನಿಟಾ ಎಂದು ತಿಳಿದು ನಡೆಯಬೇಕು. ಉಂಗುರ ಉದುರಿಹೋಗಿರಬಹುದು, ಚೀಲ ಮಣ್ಣಿನಲ್ಲೇ ಉಳಿದಿರಬಹುದು. ಕಾಣಲಿಲ್ಲ ಎಂದ ಮಾತ್ರಕ್ಕೆ ಅಲ್ಲ ಎಂದು ತೀರ್ಮಾನಿಸುವಂತಿಲ್ಲ. ಫೋಟೊ ತೆಗೆದರೆ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳು ಈಗ ಹಲವಿವೆ. ಕುಲದ ಸುಳಿವು ಹಿಡಿಯಲು ಅವು ಒಳ್ಳೆಯ ಜೊತೆಗಾರ. ಊಟದ ತಟ್ಟೆಗೆ ಅವುಗಳ ಮಾತನ್ನು ಒಂದು ಕ್ಷಣವೂ ನಂಬಬೇಡಿ.

ಹವ್ಯಾಸಿಗೆ ಬೇಕಾದದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಹಿಡಿ ಮಸೂರ, ಬುಡ ಎಬ್ಬಿಸಲು ಚಾಕು, ಕಾಗದದ ಚೀಲ. ಪ್ಲಾಸ್ಟಿಕ್‌ ಚೀಲದಲ್ಲಿ ಬೆವೆತು ದಾರಿಯಲ್ಲೇ ಕೊಳೆಯುತ್ತದೆ. ಫೋಟೊ ಮೇಲಿನಿಂದ ಒಂದೇ ಸಾಲದು. ಅಡಿಯ ಮಡಿಕೆ ಅಥವಾ ರಂಧ್ರ, ಕಾಲು, ಬುಡ, ಸುತ್ತಲಿನ ಮರ ಎಲ್ಲವೂ ಬೇಕು, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ. ವಾಸನೆಯನ್ನೂ, ಗಾಯ ಮಾಡಿದಾಗ ಬಣ್ಣ ಬದಲಾಯಿತೇ ಎಂಬುದನ್ನೂ ಬರೆದಿಟ್ಟುಕೊಳ್ಳಿ, ಇವು ಫೋಟೊದಲ್ಲಿ ಸಿಗುವುದಿಲ್ಲ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಎಂಬ ಎರಡು ಜಾಲತಾಣಗಳಲ್ಲೂ ಚಿತ್ರ ಏರಿಸಿದರೆ ತಿಳಿದವರು ನೋಡಿ ತಿದ್ದುತ್ತಾರೆ. ಪ್ರಭೇದದ ಹೆಸರು ಸಿಗದಿದ್ದರೆ ಬೇಸರ ಬೇಡ. ಎಷ್ಟೋ ಅಣಬೆಗಳಿಗೆ ಸೂಕ್ಷ್ಮದರ್ಶಕ ಬೇಕು, ಕೆಲವಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು. ಕುಲದವರೆಗೆ ತಲುಪಿ ನಿಲ್ಲುವುದನ್ನು ಸೋಲು ಎನ್ನಲಾಗದು. ಗೊತ್ತಿರುವಷ್ಟನ್ನೇ ಬರೆಯುವುದು ಈ ವಿದ್ಯೆಯ ಮರ್ಯಾದೆ.

ಇನ್ನೊಂದು ಕೆಲಸವನ್ನು ಯಾವ ಪ್ರಯೋಗಾಲಯವೂ ನಮಗಾಗಿ ಮಾಡಿಕೊಡಲಾರದು. ಮಲೆನಾಡು, ಕೊಡಗು, ಕರಾವಳಿಯ ಹಿರಿಯರ ನಾಲಗೆಯ ಮೇಲೆ ಅಣಬೆಗಳಿಗೆ ಹತ್ತಾರು ಹೆಸರುಗಳಿವೆ, ಯಾವುದು ಯಾವ ನಕ್ಷತ್ರದ ಮಳೆಗೆ ಎಲ್ಲಿ ಏಳುತ್ತದೆ ಎಂಬ ಲೆಕ್ಕವಿದೆ. ಅವುಗಳಲ್ಲಿ ಹೆಚ್ಚಿನವು ಪುಸ್ತಕ ಸೇರಿಲ್ಲ. ಈ ಮಳೆಗಾಲ ಊರಿಗೆ ಹೋದಾಗ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಕರೆದುಕೊಂಡು ದರೆಯ ಮೇಲೆ ಒಂದು ಸುತ್ತು ಹೋಗಿಬನ್ನಿ. ಅವರು ಹೇಳಿದ ಹೆಸರು, ತಿಂಗಳು, ಮರ, ಜಾಗ, ಜೊತೆಗೆ ನಾಲ್ಕು ಚಿತ್ರ ಮತ್ತು ಒಂದು ಬೀಜಾಣು ಮುದ್ರೆ, ಇಷ್ಟನ್ನು ದಾಖಲಿಸಿ ಪೋರ್ಟಲ್‌ಗೆ ಏರಿಸಿ. ಕನ್ನಡದ ಹೆಸರನ್ನು ಕನ್ನಡದಲ್ಲೇ ಬರೆಯಿರಿ.